ನನಗೆ ಸೆಕೆ, ಅವರಿಗೆ ಚಳಿ

"ಸಿಸ್ಟರ್, ಎಸಿ ಇನ್ನೊಂಚೂರು ಜಾಸ್ತಿ ಮಾಡಿ."

ಓಟಿಯೊಳಗೆ, ಅಂದರೆ ಆಪರೇಷನ್ ಥಿಯೇಟರಿನೊಳಗೆ, ಕಾಲಿಟ್ಟ ಕೂಡಲೇ ನನ್ನ ಬಾಯಿಂದ ಬರುತ್ತಿದ್ದ ಮೊದಲ ಮಾತು ಇದು. ಒಂದೆರಡು ವರ್ಷ ಅಲ್ಲ, ಸುಮಾರು ಇಪ್ಪತ್ತು ವರ್ಷ. ರೋಗಿಯ ಹೆಸರು ಕೇಳುವ ಮೊದಲೇ ಇದನ್ನು ಹೇಳಿದ ದಿನಗಳೂ ಉಂಟು. ಯಾರೂ ಎದುರಾಡುತ್ತಿರಲಿಲ್ಲ. ಸರ್ಜನ್ ಹೇಳಿದ ಮೇಲೆ ಮುಗಿಯಿತು. ರಿಮೋಟ್ ಕೀ ಅನ್ನುತ್ತಿತ್ತು, 18ಕ್ಕೆ ಇಳಿಯುತ್ತಿತ್ತು.

ನನ್ನ ಪರವಾಗಿ ಎರಡು ಮಾತು ಹೇಳಿಕೊಳ್ಳುತ್ತೇನೆ. ಆ ಗೌನ್ ಹಾಕಿಕೊಂಡವರಿಗೇ ಗೊತ್ತು ಅದರ ಕಷ್ಟ. ನೀರು ಒಳಗೆ ಬರಬಾರದು ಎಂದು ಮಾಡಿದ ಬಟ್ಟೆ, ಹಾಗಾಗಿ ಬೆವರೂ ಹೊರಗೆ ಹೋಗುವುದಿಲ್ಲ. ಮೇಲೆ ಟೋಪಿ, ಮಾಸ್ಕ್, ಎರಡು ಜೊತೆ ಗ್ಲೌಸ್. ಕುತ್ತಿಗೆಯ ಹಿಂದೆ ಲೈಟಿನ ಬಿಸಿ. ಎಕ್ಸ್‌ರೇ ಇರುವ ಕೇಸ್ ಆದರೆ ಸೀಸದ ಏಪ್ರನ್ ಬೇರೆ. ಮೂರು ಗಂಟೆ ನಿಂತರೆ ಬೆನ್ನಲ್ಲಿ ನೀರಿಳಿಯುತ್ತದೆ. ಬೆವರಿನ ಹನಿ ಗಾಯಕ್ಕೆ ಬಿದ್ದರೆ ಏನು ಗತಿ ಅಂತ ಒಂದು ಸಮರ್ಥನೆಯೂ ನನ್ನ ಹತ್ತಿರ ಸದಾ ಸಿದ್ಧವಿತ್ತು.

ಆದರೆ ಅದೇ ಕೋಣೆಯಲ್ಲಿ ಅನಸ್ತೇಶಿಯಾ ಡಾಕ್ಟರ್ ಜಾಕೆಟ್ ಹಾಕಿಕೊಂಡು ಕೂತಿರುತ್ತಿದ್ದರು. ಹೊರಗಿನಿಂದ ಸಾಮಾನು ಎತ್ತಿಕೊಡುವ ಸಿಸ್ಟರ್ ಕೈ ಉಜ್ಜಿಕೊಳ್ಳುತ್ತಿದ್ದರು. ಅವರನ್ನು ನೋಡಿ ನಾನು ತಮಾಷೆಯನ್ನೂ ಮಾಡಿದ್ದೇನೆ. ಇವರೆಲ್ಲರ ನಡುವೆ ಮೇಜಿನ ಮೇಲೆ ಇನ್ನೊಬ್ಬರು ಇದ್ದರಲ್ಲ, ಮೈಮೇಲೆ ಒಂದೆಳೆ ನೂಲೂ ಇಲ್ಲದೆ, ಬಾಯಿಬಿಟ್ಟು ಚಳಿ ಅನ್ನಲಾಗದೆ, ನಡುಗಲೂ ಆಗದೆ. ಅವರ ವಿಷಯ ತಲೆಗೆ ಬರಲೇ ಇಲ್ಲ.

ತಲೆಗೆ ಬಂದದ್ದು ಒಬ್ಬ ಅಜ್ಜನಿಂದ. ಗುರುತು ಸಿಗದ ಹಾಗೆ ವಿವರ ಬದಲಾಯಿಸಿದ್ದೇನೆ. ಎಪ್ಪತ್ತು ದಾಟಿದ ವಯಸ್ಸು, ಸಣಕಲು ದೇಹ, ದೊಡ್ಡ ಕರುಳಿನಲ್ಲಿ ಗೆಡ್ಡೆ. ಮೂರೂವರೆ ಗಂಟೆ ಆಪರೇಷನ್ ಮಾಡಿದೆ. ಚೆನ್ನಾಗಿಯೇ ಆಯಿತು. ಕರುಳಿನ ಜೋಡಣೆ ನೋಡಿ ನನಗೇ ಖುಷಿಯಾಗಿತ್ತು. ಬಟ್ಟೆ ಬದಲಿಸಿ ಹೊರಗೆ ಬರುವಷ್ಟರಲ್ಲಿ ರಿಕವರಿ ರೂಮಿನಿಂದ ಕರೆ.

ಹೋಗಿ ನೋಡಿದರೆ ಮಂಚದ ಕಂಬಿ ಗಡಗಡ ಸದ್ದು ಮಾಡುತ್ತಿದೆ. ಅಜ್ಜ ನಡುಗುತ್ತಿದ್ದಾರೆ. ಸುಮ್ನೆ ಚಳಿಗೆ ಮೈ ಜುಮ್ಮೆನ್ನುವ ನಡುಕ ಅಲ್ಲ, ದವಡೆ ಕಟಕಟ ಎನ್ನುವ, ಹೊಟ್ಟೆಯ ಹೊಲಿಗೆ ಎಳೆದು ಎಳೆದು ಬಿಡುವ ನಡುಕ. ಬೆರಳಿಗೆ ಹಾಕಿದ ಆಕ್ಸಿಜನ್ ಕ್ಲಿಪ್ ಸಿಗ್ನಲ್ ಹಿಡಿಯುತ್ತಲೇ ಇಲ್ಲ, ಬೆರಳು ಅಷ್ಟು ತಣ್ಣಗೆ. ಸಿಸ್ಟರ್ ಮೂರು ಕಂಬಳಿ ಹೊದಿಸಿದ್ದರು. ಟೆಂಪರೇಚರ್ 34.6 ಅಂದರು. ನಾನು ಏನು ಹೇಳಿದೆ ಗೊತ್ತಾ? "ಅನಸ್ತೇಶಿಯಾ ಇಳಿಯುವಾಗ ಹೀಗೇ ಇರುತ್ತೆ, ಸರಿಹೋಗುತ್ತೆ." ಹೇಳಿ ಹೊರಟುಬಿಟ್ಟೆ.

ಆರನೇ ದಿನ ಗಾಯದಲ್ಲಿ ಕೀವು. ಎರಡು ಹೊಲಿಗೆ ತೆಗೆದು ಬಿಡಬೇಕಾಯಿತು. ದಿನಾ ಡ್ರೆಸ್ಸಿಂಗ್. ಮನೆಯವರಿಗೆ ನಾನು ಹೇಳಿದ್ದು: ವಯಸ್ಸಾಗಿದೆ, ದೇಹದಲ್ಲಿ ಶಕ್ತಿ ಇಲ್ಲ, ಕರುಳಿನ ಆಪರೇಷನ್ ಅಂದಮೇಲೆ ಸೋಂಕಿನ ಭಯ ಇದ್ದದ್ದೇ. ಇದರಲ್ಲಿ ಒಂದೂ ಸುಳ್ಳಲ್ಲ. ಆದರೆ ಇನ್ನೊಂದು ಕಾರಣವೂ ಇರಬಹುದಿತ್ತು. ಅದನ್ನು ಹೇಳಲಿಲ್ಲ, ಯಾಕಂದರೆ ನನಗದು ಹೊಳೆದೇ ಇರಲಿಲ್ಲ. ಮನೆಗೆ ಹೋಗುವ ದಿನ ಅಜ್ಜ ಅಂದರು, "ಡಾಕ್ಟ್ರೇ, ಕೊಯ್ದ ನೋವು ಮರೆತುಹೋಯ್ತು. ಆ ಚಳಿ ಮಾತ್ರ ಮರೆಯಲ್ಲ ನೋಡಿ."

ಆ ಮಾತನ್ನು ನಮ್ಮ ಅನಸ್ತೇಶಿಯಾ ಮೇಡಂಗೆ ತಮಾಷೆಯಾಗಿ ಹೇಳಿದೆ. ಅವರು ನಗಲಿಲ್ಲ. ಅಜ್ಜನ ಫೈಲ್ ತರಿಸಿ ಅನಸ್ತೇಶಿಯಾ ಚಾರ್ಟ್ ತೆಗೆದು ನನ್ನ ಮುಂದಿಟ್ಟರು. ನಾನು ಆ ಹಾಳೆಯಲ್ಲಿ ಯಾವತ್ತೂ ನೋಡುವುದು ಬಿಪಿ, ನಾಡಿ, ಎಷ್ಟು ರಕ್ತ ಹೋಯಿತು, ಇಷ್ಟೇ. ಕೆಳಗೆ ಇನ್ನೊಂದು ಸಾಲು ಇತ್ತು. ಒಳಗೆ ಬಂದಾಗ 36.2. ನಾನು ಚಾಕು ಇಡುವ ಹೊತ್ತಿಗೆ 35.6. ಗಂಟೆ ಕಳೆದಾಗ 35.2. ಹೊಲಿಗೆ ಹಾಕುವಾಗ 34.6. ಮೂರು ಬಣ್ಣದ ಪೆನ್ನಿನಲ್ಲಿ ಬರೆದ ಹಾಳೆ ಅದು. ಅಂಕಿಗಳೆಲ್ಲ ನನ್ನ ತಲೆಯಿಂದ ಎರಡು ಅಡಿ ದೂರದ ಮಾನಿಟರ್ ಮೇಲೆ ಇದ್ದವೇ.

"ಸರ್, 36ಕ್ಕಿಂತ ಕೆಳಗೆ ಹೋದರೆ ಹೈಪೋಥರ್ಮಿಯಾ. ನೀವು ಶುರು ಮಾಡೋಕೆ ಮುಂಚೇನೇ ಅವರು ಅಲ್ಲಿದ್ದರು," ಅಂದರು.

ನಾನು ಶುರು ಮಾಡುವ ಮುಂಚೆಯೇ. ಈ ಮಾತು ಚುಚ್ಚಿತು. ಹೊಟ್ಟೆ ತೆರೆದಿಟ್ಟರೆ ತಣ್ಣಗಾಗುತ್ತದೆ ಎಂಬುದು ಯಾರಿಗಾದರೂ ಗೊತ್ತು. ತೆರೆಯುವ ಮುಂಚೆ ಯಾಕೆ?

ನಮ್ಮ ದೇಹದಲ್ಲಿ ಎಲ್ಲ ಕಡೆ 37 ಡಿಗ್ರಿ ಇರುವುದಿಲ್ಲ. ಎದೆ, ಹೊಟ್ಟೆ, ತಲೆಯ ಒಳಗೆ ಆ ಬಿಸಿ ಇರುತ್ತದೆ. ಕೈಕಾಲು ಅದಕ್ಕಿಂತ ತಣ್ಣಗೆ. ದೇಹ ಬೇಕೆಂದೇ ಹೀಗೆ ಇಟ್ಟುಕೊಂಡಿರುತ್ತದೆ. ಕೈಕಾಲಿನ ಸಣ್ಣ ರಕ್ತನಾಳಗಳನ್ನು ಬಿಗಿಹಿಡಿದು, ಬಿಸಿರಕ್ತ ಒಳಗೇ ಉಳಿಯುವಂತೆ ನೋಡಿಕೊಳ್ಳುತ್ತದೆ. ಅನಸ್ತೇಶಿಯಾ ಕೊಟ್ಟ ಕೂಡಲೇ ಈ ಹಿಡಿತ ಸಡಿಲ. ಒಳಗಿನ ಬಿಸಿ ಕೈಕಾಲಿಗೆ ಹರಿಯುತ್ತದೆ. ಬಿಸಿ ಇನ್ನೂ ಮೈಬಿಟ್ಟು ಹೋಗಿರುವುದಿಲ್ಲ, ಹಂಚಿಹೋಗಿರುತ್ತದೆ ಅಷ್ಟೇ. ಆದರೆ ಒಳಗಿನ ಉಷ್ಣತೆ ಮೊದಲ ಗಂಟೆಯಲ್ಲೇ ಒಂದರಿಂದ ಒಂದೂವರೆ ಡಿಗ್ರಿ ಕುಸಿಯುತ್ತದೆ. ಆಮೇಲಿನ ಎರಡು ಮೂರು ಗಂಟೆ ಇಳಿಯುವುದು ನಿಧಾನ. ಆಗ ನಿಜವಾಗಿ ಬಿಸಿ ಹೊರಗೆ ಹೋಗುತ್ತಿರುತ್ತದೆ, ಚರ್ಮದಿಂದ, ತೆರೆದ ಗಾಯದಿಂದ.

ಮಾಮೂಲಿಯಾಗಿ 0.2 ಡಿಗ್ರಿಯಷ್ಟು ಹೆಚ್ಚುಕಡಿಮೆಯಾದರೂ ಮೆದುಳು ಎಚ್ಚೆತ್ತು ಏನಾದರೂ ಮಾಡುತ್ತದೆ. ಅನಸ್ತೇಶಿಯಾದಲ್ಲಿ ಎರಡರಿಂದ ನಾಲ್ಕು ಡಿಗ್ರಿ ವ್ಯತ್ಯಾಸವಾದರೂ ಸುಮ್ಮನಿರುತ್ತದೆ. ಮನುಷ್ಯನ ಜೊತೆ ಅವನ ಚಳಿಯನ್ನೂ ನಾವು ಮಲಗಿಸಿರುತ್ತೇವೆ.

ಆ ಮೊದಲ ಗಂಟೆಯಲ್ಲಿ ನಾನು ಎಲ್ಲಿರುತ್ತೇನೆ? ವಾರ್ಡಿನಲ್ಲಿ. ಅಥವಾ ಫೋನಿನಲ್ಲಿ. ಓಟಿಯಿಂದ "ಸರ್, ಬನ್ನಿ" ಅಂತ ಕರೆ ಬಂದರೆ "ಐದು ನಿಮಿಷ" ಅನ್ನುತ್ತೇನೆ. ಸರ್ಜನ್‌ಗಳ ಐದು ನಿಮಿಷ ಅಂದರೆ ಎಷ್ಟು ಎಂಬುದನ್ನು ಯಾವುದೇ ಓಟಿ ಸಿಸ್ಟರನ್ನು ಕೇಳಿ. ಅಷ್ಟರಲ್ಲಿ ರೋಗಿಗೆ ಮಂಪರು ಬಂದಿರುತ್ತದೆ, ಹೊದಿಕೆ ತೆಗೆದಿರುತ್ತಾರೆ, ಮೂತ್ರದ ಟ್ಯೂಬ್ ಹಾಕಿರುತ್ತಾರೆ, ಎದೆಯಿಂದ ತೊಡೆಯವರೆಗೆ ಔಷಧಿ ಬಳಿದಿರುತ್ತಾರೆ. ಆ ಔಷಧಿಯಲ್ಲಿ ಸ್ಪಿರಿಟ್ ಇದ್ದರೆ ಅದು ಆರುವಾಗ ಮೈಯ ಬಿಸಿಯನ್ನೇ ಎಳೆದುಕೊಂಡು ಆರುತ್ತದೆ. ಅಂಗೈಗೆ ಸ್ವಲ್ಪ ಸ್ಯಾನಿಟೈಸರ್ ಹಾಕಿಕೊಂಡು ಊದಿ ನೋಡಿ, ಗೊತ್ತಾಗುತ್ತದೆ. ಇದು ಅಂಗೈ ಅಲ್ಲ, ಇಡೀ ಹೊಟ್ಟೆ. 18 ಡಿಗ್ರಿಯ ಕೋಣೆ. ಊದುವುದಕ್ಕೆ ಎಸಿ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದರೆ ಈ ತಾಪತ್ರಯ ಇಲ್ಲ ಅಂತ ನಾನು ಅಂದುಕೊಂಡಿದ್ದೆ. ರೋಗಿ ಎಚ್ಚರವಿರುತ್ತಾರೆ, ಚಳಿಯಾದರೆ ಹೇಳುತ್ತಾರೆ, ಅಲ್ವಾ? ಹೇಳುವುದಿಲ್ಲ. ಕಾಲಿನ ರಕ್ತನಾಳಗಳು ಅಗಲವಾಗಿ ಅಲ್ಲಿಗೆ ಬಿಸಿರಕ್ತ ಹರಿಯುವುದರಿಂದ, ಒಳಗೆ ತಣ್ಣಗಾಗುತ್ತಿರುವಾಗಲೂ ಎಷ್ಟೋ ಜನರಿಗೆ ಬೆಚ್ಚಗೇ ಅನ್ನಿಸುತ್ತಿರುತ್ತದೆ. "ಆರಾಮಾಗಿದ್ದೀನಿ ಡಾಕ್ಟ್ರೇ" ಅನ್ನುತ್ತಾರೆ. ಅವರ ಮಾತನ್ನು ನಂಬಿ ನಾವು ಥರ್ಮಾಮೀಟರ್ ಹಾಕುವುದಿಲ್ಲ.

ಇನ್ನು ನನ್ನ ಕೈಯಾರೆ ಮಾಡುತ್ತಿದ್ದ ಒಂದು ಕೆಲಸ. ಹೊಟ್ಟೆಯ ಕೆಲಸ ಮುಗಿದ ಮೇಲೆ ಸಲೈನ್ ಸುರಿದು ತೊಳೆಯುತ್ತೇವೆ. ಮೇಡಂ ಚಾರ್ಟ್ ತೋರಿಸಿದ ಮರುದಿನ, ಕೇಸ್ ಶುರುವಾಗುವ ಮೊದಲು, ರ‍್ಯಾಕಿನಿಂದ ಒಂದು ಸಲೈನ್ ಬಾಟಲಿ ತೆಗೆದು ಬರಿಗೈಯಲ್ಲಿ ಹಿಡಿದುಕೊಂಡೆ. ಅಲ್ಲೇ ನಿಂತು ಮುಂಗೈಯ ಒಳಬದಿಗೆ ಒತ್ತಿಕೊಂಡೆ. ಹಸುಗೂಸಿನ ಸ್ನಾನದ ನೀರು ನೋಡುವ ಜಾಗ ಅದು. ಹತ್ತು ಸೆಕೆಂಡಿಗೆ ಕೈ ತೆಗೆಯಬೇಕು ಅನ್ನಿಸಿತು. ರಾತ್ರಿಯೆಲ್ಲ ಎಸಿಯಲ್ಲಿ ನಿಂತ ಬಾಟಲಿ. ಇಂಥದ್ದನ್ನು ಮೂರು, ನಾಲ್ಕು ಲೀಟರ್ ಕರುಳಿನ ಮೇಲೆ ಸುರಿದಿದ್ದೇನೆ, ಎಷ್ಟೋ ನೂರು ಜನಕ್ಕೆ. ಎರಡು ಗ್ಲೌಸ್ ಹಾಕಿಕೊಂಡ ನನ್ನ ಬೆರಳಿಗೆ ಅದು ತಂಪಾಗಿ ಹಿತವಾಗಿಯೇ ಇರುತ್ತಿತ್ತು. ಅದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ನಿಜ.

ಡ್ರಿಪ್ ಕಥೆಯೂ ಇದೇ. ಬೆಚ್ಚಗೆ ಮಾಡದ ಒಂದು ಲೀಟರ್ ದ್ರವ ರಕ್ತನಾಳಕ್ಕೆ ಹೋದರೆ ದೊಡ್ಡವರ ದೇಹದ ಉಷ್ಣತೆ ಕಾಲು ಡಿಗ್ರಿ ಇಳಿಯುತ್ತದೆ. ಫ್ರಿಜ್ಜಿನಿಂದ ತೆಗೆದ ಒಂದು ಬಾಟಲಿ ರಕ್ತವೂ ಹೆಚ್ಚುಕಡಿಮೆ ಅಷ್ಟೇ ಇಳಿಸುತ್ತದೆ. ಲೆಕ್ಕ ನೀವೇ ಹಾಕಿ.

ಇಷ್ಟು ತಣ್ಣಗಾದರೆ ಏನು ಮಹಾ? ಇದು ನನ್ನ ಪ್ರಶ್ನೆಯೂ ಆಗಿತ್ತು. ಉತ್ತರ ನನಗೆ ಗೊತ್ತಿತ್ತು ಕೂಡ. ಪರೀಕ್ಷೆಗೆ ಓದಿದ್ದೆ, ಬರೆದಿದ್ದೆ, ಅಂಕವನ್ನೂ ತಗೊಂಡಿದ್ದೆ. 1996ರಲ್ಲಿ ಕುರ್ಜ್, ಸೆಸ್ಲರ್, ಲೆನ್ಹಾರ್ಟ್ ಎಂಬ ವೈದ್ಯರು ದೊಡ್ಡ ಕರುಳಿನ ಆಪರೇಷನ್ ಆದ 200 ಜನರನ್ನು ಗಮನಿಸಿದ್ದರು. ಬೆಚ್ಚಗೆ ಇಟ್ಟವರಲ್ಲಿ ಗಾಯದ ಸೋಂಕು ಶೇ 6, ಸುಮಾರು 34.7ಕ್ಕೆ ಇಳಿದವರಲ್ಲಿ ಶೇ 19. ನನ್ನ ಅಜ್ಜ 34.6. ಆ ಒಬ್ಬರಿಗೆ ಚಳಿಯಿಂದಲೇ ಕೀವಾಯಿತು ಅಂತ ಯಾರೂ ಹೇಳಲಾಗದು. ಆದರೆ ಚಳಿ ಸೋಂಕಿಗೆ ದಾರಿ ಮಾಡಿಕೊಡುವ ರೀತಿ ಸರಳ. ಮೈ ತೀರಾ ತಣ್ಣಗಾದಾಗ ಸಡಿಲಾಗಿದ್ದ ರಕ್ತನಾಳ ಮತ್ತೆ ಬಿಗಿಯಾಗುತ್ತದೆ, ಆಗ ಗಾಯದ ಅಂಚಿಗೆ ಆಕ್ಸಿಜನ್ ಕಡಿಮೆ. ಆಕ್ಸಿಜನ್ ಇಲ್ಲದೆ ಬಿಳಿ ರಕ್ತಕಣ ರೋಗಾಣುವನ್ನು ಕೊಲ್ಲಲಾರದು. ಅದೇ ವರ್ಷ ಸೊಂಟದ ಕೀಲು ಬದಲಿಸಿದವರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ, 1.6 ಡಿಗ್ರಿಯಷ್ಟೇ ಕಡಿಮೆ ಇದ್ದವರು ಅರ್ಧ ಲೀಟರ್ ಹೆಚ್ಚು ರಕ್ತ ಕಳೆದುಕೊಂಡಿದ್ದರು.

ರಕ್ತದ ಮಾತು ಬಂದಾಗ ಒಂದು ಹೇಳಲೇಬೇಕು, ಇದು ನನ್ನನ್ನು ವರ್ಷಗಟ್ಟಲೆ ಯಾಮಾರಿಸಿದ ವಿಷಯ. ಉದ್ದನೆಯ ಕೇಸುಗಳ ಕೊನೆಯಲ್ಲಿ ಕೆಲವೊಮ್ಮೆ ಎಲ್ಲ ಕಡೆಯಿಂದಲೂ ಸಣ್ಣಗೆ ಒಸರುತ್ತಿರುತ್ತದೆ. ಕಟ್ಟಲು ಒಂದು ರಕ್ತನಾಳ ಅಂತ ಇರುವುದಿಲ್ಲ. ಬಟ್ಟೆ ಒತ್ತಿ ತೆಗೆದರೆ ಮತ್ತೆ ಕೆಂಪು. ಹೆಪ್ಪುಗಟ್ಟುವ ಶಕ್ತಿ ಕಡಿಮೆಯಾಗಿದೆಯಾ ನೋಡಿ ಅಂತ ಲ್ಯಾಬಿಗೆ ಕಳಿಸುತ್ತಿದ್ದೆ. ನಾರ್ಮಲ್ ಅಂತ ಬರುತ್ತಿತ್ತು. ತಲೆ ಕೆರೆದುಕೊಳ್ಳುತ್ತಿದ್ದೆ. ಲ್ಯಾಬಿನ ಯಂತ್ರ ಆ ರಕ್ತವನ್ನು 37 ಡಿಗ್ರಿಗೆ ಬೆಚ್ಚಗೆ ಮಾಡಿಕೊಂಡೇ ಪರೀಕ್ಷೆ ಮಾಡುವುದು! ಅಲ್ಲಿ ಬೆಚ್ಚಗೆ ಹೆಪ್ಪುಗಟ್ಟುತ್ತಿದ್ದ ರಕ್ತ, ನನ್ನ ಮೇಜಿನ ಮೇಲೆ 35ರಲ್ಲಿ ಹೆಪ್ಪುಗಟ್ಟಲು ಒದ್ದಾಡುತ್ತಿತ್ತು.

ಮಾಂಸಖಂಡ ಸಡಿಲಿಸುವ ಔಷಧಿಗಳ ಪರಿಣಾಮವೂ ಚಳಿಯಲ್ಲಿ ಎಳೆಯುತ್ತದೆ. ವೆಕ್ಯುರೋನಿಯಂನದ್ದು ಎರಡು ಡಿಗ್ರಿ ಇಳಿದರೆ ಸುಮಾರು ಎರಡರಷ್ಟು ಹೊತ್ತು. "ಯಾಕೆ ಮೇಡಂ ಇನ್ನೂ ಎಬ್ಬಿಸಿಲ್ಲ, ಮುಂದಿನ ಕೇಸ್ ಕಾಯ್ತಾ ಇದೆ" ಅಂತ ಗೊಣಗುತ್ತಿದ್ದವನೂ ನಾನೇ, ಎಸಿ ಜಾಸ್ತಿ ಮಾಡಿಸಿದವನೂ ನಾನೇ.

ಹಾಗಾದರೆ ಗೊತ್ತಿದ್ದೂ ಯಾಕೆ ನೋಡಲಿಲ್ಲ? ನನ್ನೊಬ್ಬನದೇ ಈ ಕಥೆಯಾ ಅಂತ ಅನುಮಾನ ಬಂತು. ಒಂದು ಮಧ್ಯಾಹ್ನ ಡಾಕ್ಟರ್ಸ್ ರೂಮಿನಲ್ಲಿದ್ದ ಐದು ಜನ ಸರ್ಜನ್ ಗೆಳೆಯರನ್ನು ಕೇಳಿದೆ: "ನಿಮ್ಮ ಕೊನೆಯ ಪೇಷೆಂಟ್, ಹೊಲಿಗೆ ಹಾಕುವಾಗ ಟೆಂಪರೇಚರ್ ಎಷ್ಟಿತ್ತು?" ಎಷ್ಟು ರಕ್ತ ಹೋಯಿತು ಎಂಬುದನ್ನು ಐವತ್ತು ಎಂಎಲ್ ಆಚೀಚೆ ಹೇಳಬಲ್ಲ ಜನ ಅವರು. ಒಬ್ಬರಿಗೂ ಗೊತ್ತಿರಲಿಲ್ಲ. "ನಾರ್ಮಲ್ ಇತ್ತು ಅನ್ಸುತ್ತೆ" ಅಂದರು ಒಬ್ಬರು. ಇನ್ನೊಬ್ಬರು, "ಅದು ಅನಸ್ತೇಶಿಯಾದವರ ಡಿಪಾರ್ಟ್‌ಮೆಂಟ್ ಮಾರಾಯಾ." ಹೈಪೋಥರ್ಮಿಯಾ ಅಂದರೆ ಎಷ್ಟು ಅಂತ ಕೇಳಿದ್ದರೆ ಐದೂ ಜನ ಸರಿಯಾಗಿ ಹೇಳುತ್ತಿದ್ದರು.

ನನಗನ್ನಿಸುವುದು ಇಷ್ಟು. ಕೋಣೆಯ ಉಷ್ಣತೆ ನಿರ್ಧರಿಸುವವನು ಆ ಕೋಣೆಯಲ್ಲಿ ಚಳಿಯಾಗದ ಒಬ್ಬನೇ ಮನುಷ್ಯ. ನನ್ನ ಮೈಯೇ ನನಗೆ ಥರ್ಮಾಮೀಟರ್. ಅದು ಸೆಕೆ ಅನ್ನುತ್ತಿರುವಾಗ ಎದುರಿಗಿದ್ದವರು ತಣ್ಣಗಾಗುತ್ತಿದ್ದಾರೆ ಎಂಬುದನ್ನು ಪುಸ್ತಕ ಎಷ್ಟು ಹೇಳಿದರೂ ಚರ್ಮ ಒಪ್ಪುವುದಿಲ್ಲ. ಮೇಲಾಗಿ ಚಳಿಯ ಫಲ ಕಾಣುವುದು ಓಟಿಯಲ್ಲಿ ಅಲ್ಲ. ನಡುಕ ಕಾಣುವುದು ರಿಕವರಿಯಲ್ಲಿ, ಅಲ್ಲಿ ನಾನಿಲ್ಲ. ಕೀವು ಕಾಣುವುದು ಆರನೇ ದಿನ, ಅಷ್ಟೊತ್ತಿಗೆ ಬೇರೆ ಕಾರಣಗಳು ಸಾಲಾಗಿ ನಿಂತಿರುತ್ತವೆ.

ನಮ್ಮ ಹಿರಿಯರ ಕಾಲದಿಂದ ಬಂದ ಇನ್ನೊಂದು ಭಾವನೆಯೂ ಇದೆ, ತಂಪು ಅಂದರೆ ರಕ್ಷಣೆ ಅಂತ. ಅದಕ್ಕೆ ಆಧಾರ ಇಲ್ಲದಿಲ್ಲ. 1952ರ ಸೆಪ್ಟೆಂಬರ್ 2ರಂದು ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಜಾನ್ ಲೂಯಿಸ್ ಐದು ವರ್ಷದ ಹುಡುಗಿಯ ಹೃದಯದ ರಂಧ್ರ ಮುಚ್ಚಿದ್ದು, ಅವಳ ಮೈಯನ್ನು ಬೇಕೆಂದೇ 28 ಡಿಗ್ರಿಗೆ ಇಳಿಸಿ. ಅದ್ಭುತ ಕೆಲಸ. ಆದರೆ ಅಲ್ಲಿ ಪ್ರತಿ ಡಿಗ್ರಿಯನ್ನೂ ಎಣಿಸುತ್ತಾ ಇಳಿಸಿದರು, ಎಣಿಸುತ್ತಾ ಏರಿಸಿದರು. ನಮ್ಮದು ಬಾಗಿಲು ಹಾಕಲು ಮರೆತ ಹಾಗೆ.

ಈ ವಿಷಯ ಎತ್ತಿದಾಗಲೆಲ್ಲ ಒಬ್ಬ ಹುಡುಗ ಡಾಕ್ಟರ್ ನನ್ನ ಬಾಯಿ ಮುಚ್ಚಿಸುತ್ತಿದ್ದ. 2022ರ ದೊಡ್ಡ ಅಧ್ಯಯನ ನೋಡಿಲ್ವಾ ಸರ್, ಅನ್ನುತ್ತಿದ್ದ. ನೋಡಿದ್ದೇನೆ. ಐದು ಸಾವಿರಕ್ಕೂ ಹೆಚ್ಚು ಜನ, ಹೆಚ್ಚಿನವರು ಚೀನಾದ ಆಸ್ಪತ್ರೆಗಳವರು. ಅರ್ಧ ಜನರನ್ನು 37ರ ಹತ್ತಿರ, ಇನ್ನರ್ಧ ಜನರನ್ನು 35.5ರ ಹತ್ತಿರ ಇಟ್ಟು ನೋಡಿದರು. ಹೃದಯದ ತೊಂದರೆಯಲ್ಲಾಗಲಿ, ಗಾಯದ ಸೋಂಕಿನಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಹಾಗಾಗಿ 37 ಮುಟ್ಟಲೇಬೇಕು ಅಂತ ಈಗ ನಾನು ಹಟ ಹಿಡಿಯುವುದಿಲ್ಲ. ಆದರೆ 35.5ರ ಗುಂಪಿನವರನ್ನೂ ಅಲ್ಲಿ ಅಳೆಯುತ್ತಿದ್ದರು, ಅದಕ್ಕಿಂತ ಕೆಳಗೆ ಜಾರದಂತೆ ಕಾಯುತ್ತಿದ್ದರು. ನನ್ನ ಅಜ್ಜ ಆ ಎರಡೂ ಗುಂಪಿನಲ್ಲಿ ಇರಲಿಲ್ಲ. ಯಾರೂ ನೋಡದ ಗುಂಪಿನಲ್ಲಿದ್ದರು.

ಆಪರೇಷನ್ನಿಗೆ ಮೊದಲು ಎಲ್ಲರೂ ನಿಂತು ಓದುವ ಪಟ್ಟಿ ಇದೆಯಲ್ಲ, ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಕೊಟ್ಟದ್ದು. ಹೆಸರು, ಯಾವ ಬದಿ, ಅಲರ್ಜಿ, ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಕೊಟ್ಟಾಯಿತಾ, ಎಲ್ಲ ಇದೆ. ಉಷ್ಣತೆ ಇಲ್ಲ. ನಾವು ಪೆನ್ನಿನಲ್ಲಿ ಒಂದು ಸಾಲು ಸೇರಿಸಿಕೊಂಡೆವು. ಮೊದಲ ವಾರ ನಾನು ಕೇಳಿದಾಗ ಅನಸ್ತೇಶಿಯಾ ಮೇಡಂ ಹುಬ್ಬೇರಿಸಿ, "ಯಾರು ಸರ್ ಕೇಳ್ತಿರೋದು?" ಅಂದರು.

ಬದಲಾಯಿಸಿದ್ದು ದೊಡ್ಡದೇನಲ್ಲ. ಈಗ ಮಂಪರು ಕೊಡುವ ಮೊದಲೇ ನಾನು ಒಳಗಿರುತ್ತೇನೆ, ಇದೇ ಎಲ್ಲಕ್ಕಿಂತ ಕಷ್ಟದ್ದು. ಹೊದಿಕೆ ತೆಗೆಯುವುದು ಔಷಧಿ ಬಳಿಯುವ ಕ್ಷಣಕ್ಕೆ, ಅದೂ ಬೇಕಾದಷ್ಟೇ ಜಾಗದಲ್ಲಿ. ಬಟ್ಟೆ ಹೊದಿಸುವವರೆಗೆ ಕೋಣೆ 21ಕ್ಕಿಂತ ಕೆಳಗಿಲ್ಲ. ಸಲೈನ್ ಬೆಚ್ಚಗಿನ ಕಪಾಟಿನಿಂದ ಬರುತ್ತದೆ, 38ರಿಂದ 40 ಡಿಗ್ರಿ. ಒಂದು ಪದರ ಹೊದಿಕೆಯೇ ಚರ್ಮದಿಂದ ಹೋಗುವ ಬಿಸಿಯಲ್ಲಿ ಸುಮಾರು ಶೇ 30 ಉಳಿಸುತ್ತದೆ. ಅದರ ಮೇಲೆ ಇನ್ನೆರಡು ಹೊದಿಸಿದರೆ ಅಂಥ ಲಾಭವಿಲ್ಲ. ಅಜ್ಜನ ಮೂರು ಕಂಬಳಿ ನೆನಪಾಗುತ್ತದೆ.

ಬಿಸಿಗಾಳಿ ಊದುವ ಹೊದಿಕೆಯನ್ನು ಅರ್ಧ ಗಂಟೆ ಮೊದಲೇ, ಕಾಯುವ ಕೋಣೆಯಲ್ಲೇ ಹಾಕುತ್ತೇವೆ. ಕೈಕಾಲು ಮೊದಲೇ ಬೆಚ್ಚಗಿದ್ದರೆ ಒಳಗಿನ ಬಿಸಿ ಅತ್ತ ಓಡುವುದು ಕಡಿಮೆ. ಹರ್ನಿಯಾದಂಥ ಸಣ್ಣ ಕೇಸಿಗೂ ಇದು ಬೇಕಾ ಅಂತ ನಾನೇ ಮೂಗು ಮುರಿದಿದ್ದೆ. 2001ರಲ್ಲಿ ಹರ್ನಿಯಾ, ಸ್ತನ, ಉಬ್ಬಿದ ರಕ್ತನಾಳ ಇಂಥ ಆಪರೇಷನ್ನುಗಳ 421 ಜನರಲ್ಲಿ ನೋಡಿದಾಗ ಮೊದಲೇ ಬೆಚ್ಚಗೆ ಮಾಡಿದವರಲ್ಲಿ ಸೋಂಕು ಶೇ 5, ಮಾಡದವರಲ್ಲಿ ಶೇ 14 ಇತ್ತು. ಮೂಗು ಸರಿಮಾಡಿಕೊಂಡೆ.

ಸೆಕೆ ಮಾತ್ರ ಹೋಗಿಲ್ಲ. ಮೊದಲಿಗಿಂತ ಜಾಸ್ತಿಯೇ ಆಗಿದೆ. ಕೇಸಿನ ನಡುವೆ ತಲೆ ಪಕ್ಕಕ್ಕೆ ತಿರುಗಿಸಿದರೆ ಸಿಸ್ಟರ್ ಬಂದು ಹಣೆ ಒರೆಸುತ್ತಾರೆ. ರಿಮೋಟ್ ಎಲ್ಲಿದೆ ಅಂತ ನನಗೆ ಗೊತ್ತಿಲ್ಲ, ಕೇಳಿದರೆ ಯಾರೂ ಹೇಳುವುದೂ ಇಲ್ಲ. ಕಳೆದ ವಾರ ನಾಲ್ಕು ಗಂಟೆಯ ಕೇಸ್ ಮುಗಿಸಿ, ಒದ್ದೆ ಬೆನ್ನಿನಲ್ಲೇ ರಿಕವರಿಗೆ ಹೋದೆ. 36.4 ಅಂತ ಬರೆದಿದ್ದರು. ಅಮ್ಮ ಅರ್ಧ ಕಣ್ಣು ಬಿಟ್ಟು ಏನೋ ಗೊಣಗುತ್ತಿದ್ದರು. ಬಗ್ಗಿ ಕಿವಿಕೊಟ್ಟೆ.

"ತುಂಬಾ ಸೆಕೆ. ಒಂಚೂರು ಫ್ಯಾನ್ ಹಾಕ್ತೀರಾ?"